ಅವ್ವ ಕರಿಯೋದು

ನನ್ನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಪಾಸ್‌ವರ್ಡ್ ಮರೆತವರು. ಮೊನ್ನೆ ಇಟ್ಟದ್ದನ್ನು ಇವತ್ತು ಮರೆತು, ತಪ್ಪೆಲ್ಲ ನನ್ನದೇ ಅನ್ನುವ ಹಾಗೆ ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಾರೆ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಕೂತ ಮೇಲೆ ಮನುಷ್ಯನ ನೆನಪಿನ ಬಗ್ಗೆ ನನಗಿದ್ದ ಗೌರವವೆಲ್ಲ ಇಳಿದುಹೋಗಿದೆ. ಹೆಂಡತಿಯ ಹೆಸರಿಟ್ಟು ಮರೆಯುತ್ತಾರೆ, ಹುಟ್ಟಿದ ದಿನ ಇಟ್ಟು ಮರೆಯುತ್ತಾರೆ, ಮನೆದೇವರ ಹೆಸರಿಟ್ಟು ಅದನ್ನೂ ಮರೆಯುತ್ತಾರೆ. ಆಮೇಲೆ "ನೀವೇ ಏನಾರ ಮಾಡಿ ಗಣೇಶಣ್ಣ" ಅನ್ನುತ್ತಾರೆ. ನಾನು ಬೈದುಕೊಂಡೇ ಏನಾದರೂ ಮಾಡಿ ಕಳಿಸುತ್ತೇನೆ.

ಮಂಚಮ್ಮ ಮರೆತವಳಲ್ಲ. ಅವಳ ವಿಷಯ ಬರೆಯಲು ಕೂತದ್ದೇ ಆ ಕಾರಣಕ್ಕೆ.

ಅವಳು ಮೊದಲ ಸಲ ಬಂದಾಗ ಓಣಂ ಹತ್ತಿರವಿತ್ತು. ಚೆಂಡು ಹೂವು ತುಂಬಿಕೊಂಡ ಲಾರಿಗಳು ಕೇರಳದ ಕಡೆ ಒಂದರ ಹಿಂದೊಂದು ಹೋಗುತ್ತಿದ್ದವು. ಮಧ್ಯಾಹ್ನ ಬಸ್ಸಿಳಿದು ಬಂದ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ತಲೆಯ ಮೇಲಿದ್ದ ಚೀಲವನ್ನು ಮಗುವನ್ನು ಇಳಿಸಿಕೊಳ್ಳುವ ಹಾಗೆ ತೊಡೆಗೆ ಇಳಿಸಿಕೊಂಡಳು. ಹೂವು ತುಂಬುವ ಚೀಲ. ಒಳಗೆ ಹಳೆಯ ಸೀರೆಯಲ್ಲಿ ಸುತ್ತಿದ ಲ್ಯಾಪ್‌ಟಾಪ್. ಹೂವು ಬಿಡಿಸಿ ಬಿಡಿಸಿ ಅವಳ ಬೆರಳ ತುದಿಗಳು ಕಪ್ಪುಗಟ್ಟಿದ್ದವು.

"ಇದ್ರೊಳಗೆ ನಮ್ಮ ಊವಿ ಅವ್ಳೆ ಕಣಪ್ಪ. ತಗುದ್ಕೊಡು," ಅಂದಳು.

"ಯಾರವ್ವ?"

"ನನ್ ಮಗ್ಳು. ಓದ ವರ್ಸ ಓಗ್ಬುಟ್ಳು."

ಕುರ್ಚಿ ಇದೆ, ಮೇಲೆ ಬಂದು ಕೂತ್ಕೊ ಎಂದು ಗದರಿದ ಮೇಲೆ ಒಳಗೆ ಬಂದಳು. ಕುರ್ಚಿಯ ತುದಿಯಲ್ಲೇ ಕೂತಳು. ನಾನು ಲ್ಯಾಪ್‌ಟಾಪ್ ತೆರೆದೆ. ಅದು ಪಾಸ್‌ವರ್ಡನ್ನೇ ಕೇಳದೆ ತೆರೆದುಕೊಂಡಿತು. ಏನು ಬೇಕಿತ್ತು ಎಂದು ಕೇಳಿದೆ.

"ಅವಳ ದನಿ ಬೇಕು. ಮಖ ಕಣ್ಮುಂದೆ ಅದೆ ಕಣಪ್ಪ, ದನಿ ನೆಪ್ಪಿಗೆ ಬತ್ತಿಲ್ಲ. ಮೊದ್ಮೊದ್ಲು ನೀರು ಒಯ್ಯವಾಗ, ಒಲೆ ಉರಿಸ್ವಾಗ ಅಂಗೇ ಕಿವೀಲಿ ಕೇಳ್ತಿತ್ತು. ಈಗ ಎಷ್ಟು ಕಿವಿ ಕೊಟ್ರೂ ಕೇಳಕಿಲ್ಲ. ಎತ್ತ ತಾಯಿ ಮಗ್ಳ ದನೀನೇ ಮರ್ತ್ಬುಟ್ಟೆ ನೋಡು."

ಇದನ್ನು ಅವಳು ಅಳದೆ ಹೇಳಿದಳು. ನಾನು ಎದ್ದು ಫ್ಯಾನಿನ ಸ್ವಿಚ್ ಹಾಕಿದೆ.

ಮಂಚಮ್ಮನ ಊರು ತೆರಕಣಾಂಬಿಯ ಹತ್ತಿರ. ಗಂಡ ಬಸವಯ್ಯ ಮಗು ಇನ್ನೂ ತೆವಳುತ್ತಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅಲ್ಲಿಂದಾಚೆಗೆ ಅವಳ ಬದುಕೆಲ್ಲ ಬೇರೆಯವರ ಹೊಲದ ಹೂವು ಬಿಡಿಸುವುದರಲ್ಲೇ ನಡೆಯಿತು. ಕೂಸನ್ನು ಬದುವಿನ ಮೇಲೆ ಮಲಗಿಸಿದರೆ ಇರುವೆ ಕಚ್ಚುತ್ತದೆಂದು ಬಿಡಿಸಿದ ಹೂವಿನ ರಾಶಿಯ ಮೇಲೆ ಮಲಗಿಸುತ್ತಿದ್ದಳಂತೆ. ಎದ್ದಾಗ ಅದರ ಕೆನ್ನೆ ಮೂಗೆಲ್ಲ ಹಳದಿ ಪುಡಿ. ಅದನ್ನು ಕಂಡು ಹೂವಿ ಎಂದು ಕರೆದದ್ದು ಹಾಗೇ ನಿಂತಿತು. ಶಾಲೆಗೆ ಸೇರಿಸುವಾಗ ಮಂಚಮ್ಮನ ಅಣ್ಣ ಸೋಮಣ್ಣ ಶಿವರಂಜಿನಿ ಎಂದು ಬರೆಸಿದ. ಆ ಹೆಸರು ಮಂಚಮ್ಮನ ನಾಲಿಗೆಗೆ ಹೊರಳಲೇ ಇಲ್ಲ. "ಸಿವ್ರಂಜ್ನಿ" ಅನ್ನಲು ಹೋಗಿ ತಾಯಿ ಮಗಳಿಬ್ಬರೂ ನಗುತ್ತಿದ್ದರಂತೆ.

ಹುಡುಗಿ ಓದಿದಳು. ಚಾಮರಾಜನಗರದಲ್ಲಿ ಡಿಗ್ರಿ ಮುಗಿಸಿ, ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಹೊಲಿಯುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಊರಿಂದ ಓಡಾಡುವುದು ಕಷ್ಟವೆಂದು ಪಟ್ಟಣದಲ್ಲಿ ರೂಮು ಮಾಡಿ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದಳು. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ಕೊಂಡಿದ್ದಳು. ತಾಯಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ದನಿ ಬರುತ್ತದೆ, ಉಳಿಯುವುದಿಲ್ಲ.

ಒಂದು ಭಾನುವಾರ ಮಗಳು ಹೊಲಕ್ಕೆ ಬಂದು ತನ್ನ ಫೋನಿನಲ್ಲಿ ವಿಡಿಯೋ ಮಾಡಿದಳು. ತಾಯಿ ಹೂವು ಬಿಡಿಸುತ್ತಿದ್ದಾಳೆ, ಮಗಳು ಫೋನು ಹಿಡಿದು ಮಾತಾಡುತ್ತಾ ಸಾಲಿನುದ್ದಕ್ಕೂ ಹಿಂದೆ ಬರುತ್ತಿದ್ದಾಳೆ. ಸಂಜೆ ಮನೆಯಲ್ಲಿ ಲ್ಯಾಪ್‌ಟಾಪನ್ನು ರಾಗಿ ಡಬ್ಬದ ಮೇಲಿಟ್ಟು ಅದನ್ನೇ ತೋರಿಸಿದಳು.

"ಏನೇನೋ ಯೋಳ್ಕೊಂಡು ನಗಾಡ್ತಿದ್ಳು ಅದ್ರಲ್ಲಿ. ನನ್ ಮಖ ನಾನೇ ನೋಡಕ್ಕೆ ನಾಚ್ಕೆ ಆಯ್ತು. ಆಪ್ ಮಾಡಮ್ಮಿ ಅಂದ್ಬುಟ್ಟೆ," ಎಂದಳು ಮಂಚಮ್ಮ. "ಪೂರ್ತಿ ನೋಡ್ಲೇ ಇಲ್ಲ ಕಣಪ್ಪ. ನಾನೇ ಆಪ್ ಮಾಡ್ಸ್ಬುಟ್ಟೆ."

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಕೆಲಸ ಮುಗಿಸಿ ಜೊತೆಯವಳ ಸ್ಕೂಟಿಯಲ್ಲಿ ಪಟ್ಟಣಕ್ಕೆ ಬರುತ್ತಿದ್ದಾಗ ಲಾರಿ ತಾಗಿತು. ಗಾಡಿ ಓಡಿಸುತ್ತಿದ್ದವಳು ಉಳಿದಳು. ಶಿವರಂಜಿನಿ ಉಳಿಯಲಿಲ್ಲ. ಫೋನು ಚಕ್ರದಡಿಗೆ ಸಿಕ್ಕಿ ಪುಡಿಯಾಯಿತು. ರೂಮಿನಲ್ಲಿದ್ದ ಬಟ್ಟೆಬರೆಯ ಜೊತೆ ಲ್ಯಾಪ್‌ಟಾಪು ಮನೆಗೆ ಬಂತು. ಆ ವಿಡಿಯೋ ಅದರೊಳಗೇ ಇದೆ ಎಂದು ಮಂಚಮ್ಮ ನಂಬಿದ್ದಳು. ಕಣ್ಣಾರೆ ಕಂಡಿದ್ದಳಲ್ಲ.

ಆ ಲ್ಯಾಪ್‌ಟಾಪು ನನ್ನ ಹತ್ತಿರ ಬರುವ ಮೊದಲು ಬೇರೆಯವರ ಕೈಗೆ ಹೋಗಿತ್ತು. ಸೋಮಣ್ಣನ ಮಗ ಕುಮಾರಸ್ವಾಮಿ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಏನು ಮಾಡಿದ್ದೀರಿ ಎಂದು ಕೇಳಲು ಅವನಿಗೆ ಫೋನು ಮಾಡಿದೆ. ಒಳ್ಳೆಯ ಹುಡುಗ, ಮಾತಿಗೊಮ್ಮೆ ಸರ್ ಅನ್ನುತ್ತಾನೆ. ಹಳ್ಳಿಯ ಮಾತನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ತೊಳೆದುಕೊಂಡಿದ್ದಾನೆ. ಹಕಾರ ಬಿಟ್ಟುಹೋದೀತೆಂಬ ಭಯಕ್ಕೆ ಆಸ್ಪತ್ರೆಯನ್ನೂ ಹಾಸ್ಪತ್ರೆ ಅನ್ನುತ್ತಾನೆ.

"ಯುಗಾದಿ ಹಬ್ಬಕ್ಕೆ ಊರಿಗೆ ಹೋಗಿದ್ದೆ ಸರ್," ಎಂದ. "ಅತ್ತೆ ಲ್ಯಾಪ್‌ಟಾಪ್ ತಂದಿಟ್ಟರು. ತಪ್ಪು ಪಾಸ್‌ವರ್ಡ್ ಹಾಕಿದಾಗ ಅದರಲ್ಲಿ ಸುಳಿವು ಬರುತ್ತಿತ್ತು. ಅವ್ವ ಕರಿಯೋದು, ಅಂತ."

ಪಾಸ್‌ವರ್ಡ್ ಮರೆತರೆ ಇರಲಿ ಎಂದು ನಮಗೆ ನಾವೇ ಬರೆದುಕೊಳ್ಳುವ ಒಂದು ಸಾಲು ಅದು. ಹುಡುಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು. ಅವ್ವ ತನ್ನನ್ನು ಏನೆಂದು ಕರೆಯುತ್ತಾಳೋ ಅದೇ ಪದ. ಇಷ್ಟು ಸುಲಭದ ಸುಳಿವು ನಾನು ಕಂಡೇ ಇಲ್ಲ.

"ಶಿವರಂಜಿನಿ ಹಾಕಿದೆ, ರಂಜಿನಿ, ರಂಜು ಎಲ್ಲಾ ಹಾಕಿದೆ. ಅತ್ತೆಯನ್ನೇ ಕೇಳಿ ಹೂವಿ ಅಂತಲೂ ಹಾಕಿದೆ ಸರ್. ಒಂದು ಓ, ಎರಡು ಓ, ಯೂ, ಎಲ್ಲಾ ಥರ. ದೊಡ್ಡಕ್ಷರ, ಚಿಕ್ಕಕ್ಷರ. ಯಾವುದೂ ಆಗಲಿಲ್ಲ. ಆಮೇಲೆ ಪೆನ್‌ಡ್ರೈವ್ ಹಾಕಿ ಪಾಸ್‌ವರ್ಡನ್ನೇ ತೆಗೆದುಬಿಟ್ಟೆ. ತಕ್ಷಣ ಓಪನ್ ಆಯ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಬ್ರೌಸರ್ ತೆಗೆದರೆ ಅವಳ ಅಕೌಂಟು ಲಾಗ್ ಔಟ್ ಆಗಿತ್ತು. ಪಾಸ್‌ವರ್ಡ್ ಉಳಿಸಿದ ಜಾಗವೂ ಖಾಲಿ."

ಇನ್ನೂ ಏನೋ ಹೇಳಲಿದ್ದ. ಅತ್ತೆಯ ಮಗಳು, ಒಟ್ಟಿಗೆ ಆಡಿ ಬೆಳೆದವಳು. ದನಿ ಒಡೆಯಿತು. ಬಯ್ಯಬೇಕೆಂದು ಫೋನು ಹಿಡಿದಿದ್ದ ನಾನು, ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

ಅವನು ಮಾಡಿದ್ದರ ಅರ್ಥವೇನೆಂದು ಮಂಚಮ್ಮನಿಗೆ ಹೇಳಬೇಕಾಗಿತ್ತು. ಅವಳಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ವಿಡಿಯೋ ಈ ಯಂತ್ರದೊಳಗೆ ಇರಲೇ ಇಲ್ಲ. ಫೋನಿನಲ್ಲಿ ತೆಗೆದದ್ದು ಹುಡುಗಿಯ ಖಾತೆಗೆ, ಎಲ್ಲೋ ದೂರದ ಕಂಪನಿಯ ಕಟ್ಟಡಕ್ಕೆ ಹೋಗಿ ಕೂತಿತ್ತು. ಅವತ್ತು ಅಲ್ಲಿಂದ ತರಿಸಿ ತೋರಿಸಿದ್ದಳು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಆ ಖಾತೆಯ ಪಾಸ್‌ವರ್ಡ್ ಮಾತ್ರ. ಬ್ರೌಸರ್ ಅದನ್ನು ಬಿಡಿಯಾಗಿ ಇಡುವುದಿಲ್ಲ, ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತದೆ. ಆ ಬೀಗದ ಕೈಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಅದಕ್ಕೂ ಬೀಗ ಹಾಕುತ್ತದೆ. ಈ ಎರಡನೆಯ ಬೀಗದ ಕೈ ಎಲ್ಲೂ ಇರುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ನಾವು ಒತ್ತುತ್ತೇವಲ್ಲ, ಆ ಪದವನ್ನೇ ಅರೆದು ಪ್ರತಿ ಸಲವೂ ಹೊಸದಾಗಿ ಆ ಕೈಯನ್ನು ಮಾಡಿಕೊಳ್ಳುತ್ತದೆ. ಪದ ಗೊತ್ತಿಲ್ಲದೆ ಬಾಗಿಲು ಕಿತ್ತು ಒಳಗೆ ಹೋದರೆ ಮನೆಯೊಳಗೆ ಓಡಾಡಬಹುದು. ಪೆಟ್ಟಿಗೆ ತೆಗೆಯಲಾಗುವುದಿಲ್ಲ. ಕುಮಾರಸ್ವಾಮಿ ಮಾಡಿದ್ದು ಅದನ್ನೇ.

ಮಂಚಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಹಿಡಿದದ್ದು ಒಂದೇ ಮಾತು.

"ಆ ಕಟ್ಟಡ ಎಲ್ಲದೆ? ಮೈಸೂರ್ನಾಗಾ? ನಡಿ, ಓಗಿ ಕೇಳನ. ಎತ್ತವ್ವ ಬಂದಿವ್ನಿ ಅಂದ್ರೆ ಇಲ್ಲ ಅಂತಾರಾ?"

"ಅದು ಬೇರೆ ದೇಶದಲ್ಲಿದೆ ಅವ್ವ."

"ಅಲ್ಲಿಗ್ಯಾಕೆ ಓಯ್ತು ನಮ್ಮೊಲ?" ಅಂದಳು.

ಆ ಕಂಪನಿಗೆ ಮೇಲ್ ಬರೆದೆ, ಸಾವಿನ ಸರ್ಟಿಫಿಕೇಟಿನ ಚಿತ್ರವನ್ನೂ ಕಳಿಸಿದೆ. ಖಾತೆಯ ಒಳಗಿರುವುದನ್ನು ಕೊಡಲಾಗುವುದಿಲ್ಲ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಉತ್ತರ ಬಂತು. ದುಃಖದಲ್ಲಿ ಭಾಗ ತೆಗೆದುಕೊಳ್ಳಲು ಎಷ್ಟು ಜನ ಮುಂದೆ ಬರುತ್ತಾರೆ ನೋಡಿ.

ಉಳಿದದ್ದು ಫೋನ್ ನಂಬರಿನ ದಾರಿ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಖಾತೆಯವರು ಹುಡುಗಿಯ ಹಳೆಯ ನಂಬರಿಗೆ ಓಟಿಪಿ ಕಳಿಸುತ್ತಾರೆ. ಅವಳು ಹೋದ ಮೇಲೆ ಆ ನಂಬರಿಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಸತ್ತವಳ ಸಿಮ್ಮಿಗೆ ಯಾರು ಹಾಕಿಸುತ್ತಾರೆ? ನಂಬರು ಬೇರೆ ಯಾರಿಗೋ ಹೋಗಿತ್ತು. ಮಂಚಮ್ಮ ಎರಡನೇ ಸಲ ಬಂದಾಗ ಅವಳ ಮುಂದೆಯೇ ಫೋನು ಮಾಡಿದೆ. ಹಾಸನದ ಕಡೆಯ ಗಂಡಸು. ನಾನು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ರೇಗಿಬಿಟ್ಟ.

"ಓಟಿಪಿ ಕೇಳ್ತಿದೀಯಾ? ಮಾನ ಮರ್ಯಾದೆ ಇದೆಯೇನಯ್ಯಾ ನಿಂಗೆ?"

ಮಂಚಮ್ಮ ಕೈಚಾಚಿ ಫೋನು ಇಸಿದುಕೊಂಡಳು. "ಅಪ್ಪಾ, ಅದು ನನ್ ಮಗ್ಳ ನಂಬರು. ನೀನೇ ಇಟ್ಕೊ, ನಂಗೆ ಬ್ಯಾಡ. ಅದ್ಕೆ ಒಂದು ಓಲೆ ಬತ್ತದಂತೆ, ಅದೊಂದ ಓದಿ ಯೋಳ್ಬುಡು ನನ್ನಪ್ಪ."

ಅವನು ಮೆತ್ತಗಾದ.

"ಅಮ್ಮಾ, ನೀವು ಹೇಳೋದು ನಿಜಾನೇ ಇರಬಹುದು. ನಮ್ಮಪ್ಪನ ಹತ್ರ ಒಬ್ಬಳು ಹಿಂಗೇ ಅತ್ತುಕೊಂಡು ನಂಬರ್ ಕೇಳಿ, ಇದ್ದಬದ್ದದ್ದನ್ನೆಲ್ಲ ಬಳಿದುಕೊಂಡಳು. ನಂಗೆ ಧೈರ್ಯ ಇಲ್ಲಮ್ಮ. ಕ್ಷಮಿಸಿ."

ಫೋನು ಇಟ್ಟ. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅವನನ್ನು ಬಯ್ಯುವ ಹಾಗೂ ಇಲ್ಲ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ನನ್ನ ಅಂಗಡಿಯ ಗೋಡೆಗೆ ನಾನೇ ಅಂಟಿಸಿದ್ದೇನೆ. ಅವತ್ತು ಮಂಚಮ್ಮ ಕೂತಿದ್ದದ್ದು ಸರಿಯಾಗಿ ಅದರ ಕೆಳಗೆ.

ಇನ್ನು ಆಗುವುದಿಲ್ಲ ಅವ್ವ, ತಗೊಂಡು ಹೋಗು ಎಂದು ಹೇಳುವುದಷ್ಟೇ ಬಾಕಿ ಇತ್ತು. ಅದರ ಬದಲು ಇನ್ನೊಂದು ಸಲ ನೋಡುತ್ತೇನೆ, ಬಿಟ್ಟು ಹೋಗು ಎಂದೆ. ನಾವು ರಿಪೇರಿಯವರು ಹೇಳುವ ಹಳೆಯ ಸುಳ್ಳು ಅದು. ಅವಳು ನಂಬಿ ಹೋದಳು.

ಲ್ಯಾಪ್‌ಟಾಪ್ ಬೆಂಚಿನ ಮೇಲೆ ಧೂಳು ಹಿಡಿಯುತ್ತಾ ಬಿದ್ದಿತ್ತು. ಗಿರಾಕಿಗಳಿಲ್ಲದ ಒಂದು ಬೆಳಗ್ಗೆ ಬೇಜಾರಿಗೆ ತೆರೆದು ಹುಡುಗಿಯ ಫೈಲುಗಳನ್ನು ನೋಡುತ್ತಾ ಹೋದೆ. ಅವುಗಳಿಗೇನೂ ಬೀಗವಿರಲಿಲ್ಲ. ಆಫೀಸಿನ ಪತ್ರಗಳು ಒಂದು ಕಡೆ, ಚೊಕ್ಕ ಇಂಗ್ಲಿಷು, ಚೊಕ್ಕ ಕನ್ನಡ. ಮನೆಯ ಕಾಗದಗಳು ಇನ್ನೊಂದು ಕಡೆ. ಆ ಕಡೆಯವಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರು ಕೊಟ್ಟಿದ್ದಳು. ಒಂದರ ಹೆಸರು ಅಬ್ಬ. ಅಪ್ಪ ಇರಬೇಕು, ಫೋಟೊ ಏನಾದರೂ ಇದೆಯೇ ಎಂದು ತೆರೆದೆ. ಹಬ್ಬಕ್ಕೆ ರಜೆ ಕೇಳಿದ ಅರ್ಜಿಗಳು. ಇನ್ನೊಂದು ಒಲ. ತೆರೆದರೆ ಹೊಲದ ಗುತ್ತಿಗೆ ವಿಷಯ. ಮತ್ತೊಂದು ಒಸ ಮನೆ. ಹೊಸ ಮನೆ ಕಟ್ಟಲು ಎಲ್ಲಿಂದಲೋ ಇಳಿಸಿಕೊಂಡ ನಕ್ಷೆ.

ಆಫೀಸಿಗೆ ಬರೆಯುವಾಗ ಒಂದು ಹಕಾರವೂ ತಪ್ಪದ ಹುಡುಗಿ ತನಗೆ ತಾನೇ ಬರೆದುಕೊಳ್ಳುವಾಗ ಮನೆಯಲ್ಲಿ ಆಡಿದ ಹಾಗೇ ಬರೆಯುತ್ತಿದ್ದಳು. ಅವ್ವನ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ.

ಅವ್ವ ಕರಿಯೋದು. ಮಂಚಮ್ಮ ಜನ್ಮದಲ್ಲಿ ಮಗಳನ್ನು ಹೂವಿ ಎಂದು ಕರೆದವಳಲ್ಲ. ಕುಮಾರಸ್ವಾಮಿ ಹಾಕಿದ್ದೆಲ್ಲ ಎಚ್ ಇಂದ ಶುರುವಾಗುವ ಹೂವಿ. ನನ್ನ ಕಿವಿಗೂ ಹಾಗೇ ಕೇಳಿಸಿತ್ತು. ಅವಳು ಅಂದದ್ದು ಊವಿ. ಎರಡು ಓ, ಒಂದು ವಿ, ಒಂದು ಐ. ಅಷ್ಟೇ.

ಪದ ಸಿಕ್ಕರೆ ಆಸೆ ಉಂಟು. ಕಿತ್ತುಹಾಕಿದ ಪಾಸ್‌ವರ್ಡಿನ ಜಾಗಕ್ಕೆ ಅದೇ ಹಳೆಯ ಪದವನ್ನು ಮತ್ತೆ ಇಟ್ಟರೆ, ಕಂಪ್ಯೂಟರ್ ಮತ್ತೆ ಅದೇ ಬೀಗದ ಕೈಯನ್ನು ಮಾಡಿಕೊಳ್ಳುತ್ತದೆ. ತಡಮಾಡದೆ ಮಂಚಮ್ಮನಿಗೆ ಫೋನು ಮಾಡಿ ಬಾ ಎಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಸೆರಗಿಗೆ ಕೈ ಒರೆಸಿಕೊಂಡು ಸೀದಾ ಹೊಲದಿಂದಲೇ ಬಸ್ಸು ಹತ್ತಿ ಬಂದಳು. ಬರುವಾಗ ಕುಮಾರಸ್ವಾಮಿಗೂ ಹೇಳಿದ್ದಳು. ಅವನು ಚಾಮರಾಜನಗರದಿಂದ ಬೈಕಿನಲ್ಲಿ ಬಂದ.

ಪದ ಏನೆಂದು ಬಾಯಿಬಿಟ್ಟು ಹೇಳದೆ, ಇಬ್ಬರ ಮುಂದೆಯೇ ಅದನ್ನು ಪಾಸ್‌ವರ್ಡಾಗಿ ಇಟ್ಟು, ಕಂಪ್ಯೂಟರ್ ಆರಿಸಿ ಮತ್ತೆ ಶುರು ಮಾಡಿದೆ. ಕೇಳಿತು. ಎರಡು ಓ, ವಿ, ಐ ಒತ್ತಿದೆ. ತೆರೆಯಿತು. ಅದು ತೆರೆಯುವುದು ದೊಡ್ಡದಲ್ಲ, ನಾನೇ ಇಟ್ಟ ಪದವದು. ಹಳೆಯ ಪೆಟ್ಟಿಗೆ ತೆರೆಯುತ್ತದೆಯೇ ಎಂಬುದು ಮುಖ್ಯ. ಬ್ರೌಸರಲ್ಲದೆ ಕಂಪ್ಯೂಟರ್ ತಾನೇ ಗುಟ್ಟುಗಳನ್ನಿಡುವ ಒಂದು ಸಣ್ಣ ಜಾಗವಿದೆ. ಮೊದಲು ಅಲ್ಲಿ ನೋಡಿದೆ. ಇಷ್ಟು ದಿನ ಬಾಯಿ ಬಿಡದೆ ಕೂತಿದ್ದದ್ದು ಈಗ ಬಿಟ್ಟಿತು. ಹುಡುಗಿಯ ಆಫೀಸಿನ ಪ್ರಿಂಟರಿಗೆ ಸೇರಿಕೊಳ್ಳುವ ಪಾಸ್‌ವರ್ಡ್, ಅವಳು ಉಳಿಸಿಟ್ಟದ್ದು, ಚುಕ್ಕಿಗಳು ಸರಿದು ಅಕ್ಷರಗಳಾಗಿ ನಿಂತಿತು.

"ಪದ ಸರಿ!" ಎಂದು ಕೂಗಿಬಿಟ್ಟೆ. ಕುಮಾರಸ್ವಾಮಿ ನನ್ನ ಭುಜ ಹಿಡಿದುಕೊಂಡ. ಮಂಚಮ್ಮ ಎದ್ದು ನಿಂತಳು.

ಬ್ರೌಸರ್ ತೆರೆದೆ. ಖಾಲಿ.

ಮತ್ತೆ ತೆರೆದೆ. ಬೇರೆ ದಾರಿಯಲ್ಲಿ ಹೋಗಿ ಅದರ ಫೈಲುಗಳನ್ನೇ ಬಗೆದು ನೋಡಿದೆ. ಅರ್ಥವಾಗದೆ, ಇಂಥದ್ದರಲ್ಲಿ ನನಗಿಂತ ಪಳಗಿದ ಮೈಸೂರಿನ ಗೆಳೆಯನಿಗೆ ಫೋನು ಮಾಡಿ ಒಂದೊಂದೇ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. ಪಾಸ್‌ವರ್ಡ್ ಕಿತ್ತ ಮೇಲೆ ಬ್ರೌಸರ್ ತೆರೆದಿದ್ರಾ?

ತೆರೆದಿದ್ದರು. ಯುಗಾದಿಯ ದಿನ, ಚಪ್ಪಾಳೆ ತಟ್ಟಿಕೊಂಡು. ಬ್ರೌಸರ್ ತನ್ನ ಬೀಗದ ಕೈಯಿದ್ದ ಪೆಟ್ಟಿಗೆಯನ್ನು ತೆರೆಯಲು ನೋಡಿ, ಆಗದೆ, ಯಾರಿಗೂ ಒಂದು ಮಾತು ಹೇಳದೆ ಹೊಸದೊಂದು ಕೈ ಮಾಡಿಕೊಂಡು ಹಳೆಯದರ ಜಾಗದಲ್ಲಿ ಇಟ್ಟುಬಿಟ್ಟಿತ್ತು. ಹಳೆಯದನ್ನು ಎಸೆದಿತ್ತು. ಎಸೆದದ್ದನ್ನು ಡಿಸ್ಕಿನಿಂದ ಹೆಕ್ಕಲು ಆಗುತ್ತದೇನೋ ಎಂದು, ಅವತ್ತೇ ತೆಗೆದಿಟ್ಟುಕೊಂಡ ಡಿಸ್ಕಿನ ನಕಲಿನ ಮೇಲೆ ಆಮೇಲೆ ನನಗೆ ತಿಳಿದ ಎಲ್ಲ ಸಾಫ್ಟ್‌ವೇರನ್ನೂ ಓಡಿಸಿದೆ, ಮೈಸೂರಿಗೂ ಕಳಿಸಿ ತರಿಸಿದೆ. ಯುಗಾದಿಯಿಂದೀಚೆಗೆ ಆ ಜಾಗದ ಮೇಲೆ ಬೇರೆ ಏನೇನೋ ಬರೆದುಹೋಗಿತ್ತು. ಈಗ ಊವಿ ಎಂಬ ಪದ ಸರಿಯಾಗಿ ಸಿಕ್ಕಿದೆ, ಅದು ತೆರೆಯಬೇಕಾದ ಪೆಟ್ಟಿಗೆಯಲ್ಲಿ ಆ ಹಳೆಯ ಬೀಗದ ಕೈಯೇ ಇಲ್ಲ. ವಿಡಿಯೋ ಮಾತ್ರ ಆ ಕಟ್ಟಡದಲ್ಲಿ ಹಾಗೇ ಇರುತ್ತದೆ. ಹ್ಞಾಂ, ಇರುತ್ತದೆ. ಯಾರೂ ನೋಡದ ಒಂದು ಹೊಲದಲ್ಲಿ ಆ ಹುಡುಗಿ ನಗುತ್ತಲೇ ಇರುತ್ತಾಳೆ.

ಫೋನು ಕೆಳಗಿಟ್ಟಾಗ ನನ್ನ ಮುಖ ನೋಡಿಯೇ ಕುಮಾರಸ್ವಾಮಿಗೆ ತಿಳಿಯಿತು. ಮಂಚಮ್ಮ ಇನ್ನೂ ನಿಂತೇ ಇದ್ದಳು.

"ಮಾತು ಸರಿಯಾಗಿತ್ತು ಅಂದ್ಯಲ್ಲಪ್ಪ?" ಎಂದಳು.

"ಸರಿಯಾಗೇ ಇತ್ತವ್ವ."

"ಯಾವ ಮಾತು?"

ಹೇಳದೆ ಇದ್ದುಬಿಡಬೇಕು ಅನ್ನಿಸಿತು. ಅವಳು ಕೇಳುತ್ತಿದ್ದ ರೀತಿಗೆ ಸುಳ್ಳು ಹೇಳಲಾಗಲಿಲ್ಲ. "ಊವಿ," ಎಂದೆ.

"ನಾ ಅದ್ನೇ ಯೋಳಿದ್ನಲ್ಲ," ಎಂದಳು ಮಂಚಮ್ಮ. ದನಿ ಏರಿಸಲಿಲ್ಲ. ಸುಮ್ಮನೆ ಅಣ್ಣನ ಮಗನ ಕಡೆ ತಿರುಗಿದಳು. "ಮೊದಲ್ನೇ ದಿಸಾನೇ ಯೋಳಿದ್ನಲ್ಲ ಮೊಗಾ. ಊವಿ ಅಂತೀನಿ ಅಂದೆ. ಊವಿ ಅಲ್ಲ ಅತ್ತೆ, ಹೂವಿ ಅನ್ನಬೇಕು ಅಂದ್ಬುಟ್ಟು ನಕ್ಕೆ ನೀನು. ಎಲ್ರೂ ನಕ್ರು. ನಂಗೂ ನಗ ಬಂತು. ಓದ್ದೋನು ನೀನು, ನೀ ಅಂದಂಗೇ ಇರ್ಬೋದು ಅಂತ ಸುಮ್ಕಾದೆ."

ಕುಮಾರಸ್ವಾಮಿ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. "ಅತ್ತೇ, ನಂಗೆ ಗೊತ್ತಾಗ್ನಿಲ್ಲ ಅತ್ತೇ, ಎಂಗ್ ಗೊತ್ತಾದದು," ಎಂದು ಅಳತೊಡಗಿದ. ಅಷ್ಟು ವರ್ಷ ತೊಳೆದಿಟ್ಟ ನಾಲಿಗೆ ಒಂದೇ ಗಳಿಗೆಗೆ ಊರಿಗೆ ಹಿಂದಿರುಗಿತ್ತು. ಬೇಕಾಗಿದ್ದ ಯುಗಾದಿಯ ದಿನ ಬಂದಿರಲಿಲ್ಲ.

ಅವಳು ಅವನನ್ನು ಬಯ್ಯಲಿಲ್ಲ. ಅವನ ತಲೆ ಮುಟ್ಟಿ, "ಬುಡು, ಏಳು ಮ್ಯಾಕೆ," ಎಂದಳು. ಆಮೇಲೆ ಲ್ಯಾಪ್‌ಟಾಪಿಗೆ ಮತ್ತೆ ಸೀರೆ ಸುತ್ತಿದಳು. ಸುತ್ತುವಾಗ ಒಂದು ಸಲ ಅದರ ಮೇಲೆ ಬಾಗಿ, ಮಲಗಿದವರನ್ನು ಎಬ್ಬಿಸುವಷ್ಟು ಮೆಲ್ಲಗೆ, "ಊವೀ," ಎಂದಳು. ನಾವಿಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಬೀದಿಯ ಕಡೆ ತಿರುಗಿಕೊಂಡೆವು.

ಅದಾದ ಮೇಲೆ ಅವಳನ್ನು ನಾನು ಕಂಡದ್ದು ದೀಪಾವಳಿ ಕಳೆದ ಮೇಲೆ, ಗುಂಡ್ಲುಪೇಟೆಯ ಮಾರ್ಕೆಟ್ಟಿನಲ್ಲಿ. ಮಗಳಿಗೆ ವರ್ಷದ ಎಡೆ ಇಡಬೇಕಿತ್ತು. ಪಟಕ್ಕೆ ಹಾಕಲು ಮಲ್ಲಿಗೆ ಕೊಳ್ಳಲು ಬಂದಿದ್ದಳು. ನಾನು ಎರಡು ಹೆಜ್ಜೆ ಹಿಂದೆ ಇದ್ದೆ. ಹೂವು ಕಟ್ಟುವವಳು ಅವಳ ಊರ ಕಡೆಯವಳೇ, ಹಳೆಯ ಪರಿಚಯ.

"ಎರಡು ಮೊಳ," ಎಂದು ಮಂಚಮ್ಮ ನಿಂತಳು. ಉಸಿರು ಎಳೆದುಕೊಂಡಳು. ಆಮೇಲೆ ಎದೆಯಿಂದ ಗಾಳಿ ನೂಕಿ, ಆ ಒಂದು ಅಕ್ಷರಕ್ಕೆ ತಿಣುಕಿ, "ಹೂವು ಕೊಡವ್ವ," ಎಂದಳು.

ಕಟ್ಟುವವಳು ತಲೆ ಎತ್ತಿ ನಕ್ಕಳು. "ಏನವ್ವೋ ಮಂಚಮ್ಮ, ಪ್ಯಾಟೆಯೋಳಾಗ್ಬುಟ್ಯಲ್ಲ!"

ಮಂಚಮ್ಮ ನಗಲಿಲ್ಲ. ಮಲ್ಲಿಗೆಯನ್ನು ಸೆರಗಿನಲ್ಲಿ ಇಸಿದುಕೊಂಡು ಹೇಳಿದಳು: "ನಾವು ಯೋಳದು ಯಾರ್ಗೂ ಕೇಳಕಿಲ್ಲ ಕಣವ್ವ. ಅವ್ರಂಗೇ ಯೋಳ್ಬೇಕು."